ಸ್ಥಳೀಯ ಗಣಕಜಾಲಗಳ ಭದ್ರತಾಪರೀಕ್ಷೆ: 1995ರ ವಿವಾದವೊಂದರ ಪೂರ್ವಾಪರ

1995ನೆಯ ಇಸವಿ ಏಪ್ರಿಲ್ 5ರಂದು ಡ್ಯಾನ್ ಫಾರ್ಮರ್ ಮತ್ತು ವೀಟ್ಸ ವೆನೆಮಾ ಎಂಬ ಇಬ್ಬರು ಗಣಕತಜ್ಞರು ತಾವು ರಚಿಸಿದ ಪ್ರೋಗ್ರಾಮೊಂದನ್ನು ಇಂಟರ್‌ನೆಟ್ಟಿನಲ್ಲಿ ಬಿಡುಗಡೆ ಮಾಡಿದರು. ಅದಕ್ಕೆ ಬೆಲೆಯಿರಲಿಲ್ಲ, ಪಡೆಯುವವನು ಯಾರು, ಏತಕ್ಕಾಗಿ ಪಡೆಯುತ್ತಾನೆ ಎಂಬ ವಿಚಾರಣೆಯೂ ಇರಲಿಲ್ಲ. ಜಾಲವೊಂದಕ್ಕೆ ಸೇರಿದ ಗಣಕಗಳನ್ನು ಹೊರಗಿನಿಂದಲೇ ತಟ್ಟಿ ನೋಡಿ, ಅವುಗಳಲ್ಲಿ ಕಳ್ಳನು ನುಸುಳಬಹುದಾದ ಸಂದುಗಳು ಎಲ್ಲೆಲ್ಲಿವೆಯೆಂದು ಪಟ್ಟಿ ಮಾಡಿಕೊಡುವುದು ಆ ಪ್ರೋಗ್ರಾಮಿನ ಕೆಲಸ. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಸೇಟನ್', ಎಂದರೆ ಸೈತಾನ, ಎಂದಾಗುತ್ತಿತ್ತು. ಬಿಡುಗಡೆಗೆ ಮುಂಚಿನ ವಾರಗಳಲ್ಲಿ ಅಮೆರಿಕದ ಕೆಲವು ಪತ್ರಿಕೆಗಳು ಈ ಕಾರ್ಯವನ್ನು ದಾರಿಹೋಕರಿಗೆಲ್ಲ ಬಂದೂಕು ಹಂಚುವುದಕ್ಕೆ ಹೋಲಿಸಿದವು. ಫಾರ್ಮರ್ ಅವರು ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯಲ್ಲಿ ತಮಗಿದ್ದ ಉದ್ಯೋಗವನ್ನು ಇದೇ ಕಾರಣದಿಂದ ಕಳೆದುಕೊಂಡರು.

ಈ ವಿವಾದವನ್ನು ಗೋಪನಪಕ್ಷಕ್ಕೂ ಪ್ರಕಟನಪಕ್ಷಕ್ಕೂ ನಡೆದ ಜಗಳವೆಂದು ಹೇಳಿ ಮುಗಿಸುವುದು ವಾಡಿಕೆ. ದೋಷವನ್ನು ಬಚ್ಚಿಡಬೇಕೆ, ಬಯಲುಮಾಡಬೇಕೆ ಎಂಬ ಪ್ರಶ್ನೆ ಅದರಲ್ಲಿ ಇದ್ದದ್ದು ನಿಜ. ಆದರೆ ಆ ಪ್ರೋಗ್ರಾಮು ಏನನ್ನು ಪರೀಕ್ಷಿಸುತ್ತಿತ್ತು ಎಂಬುದನ್ನು ಕೊಂಚ ಸಾವಧಾನವಾಗಿ ನೋಡಿದವರಿಗೆ ಬೇರೊಂದು ಸಂಗತಿಯೂ ಗೋಚರಿಸುತ್ತದೆ. ಅದು ಬೆಳಕಿಗೆ ತಂದ ದೋಷಗಳಲ್ಲಿ ಬಹುಪಾಲು, ಸ್ಥಳೀಯ ಜಾಲದೊಳಗೆ ಒಂದು ಗಣಕವು ಮತ್ತೊಂದರಲ್ಲಿ ಇಟ್ಟುಕೊಂಡಿದ್ದ ವಿಶ್ವಾಸಗಳೇ ಆಗಿದ್ದವು. ಆ ವಿಶ್ವಾಸ ಹೇಗೆ ಬೆಳೆಯಿತು, ಪರೀಕ್ಷಾಸಾಧನಗಳು ಅದನ್ನು ಹೇಗೆ ಪತ್ತೆಮಾಡಿದವು, ಪತ್ತೆಯಾದ ಮೇಲೆ ಏನು ನಡೆಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದು ಕಟ್ಟಡದಲ್ಲಿಯೋ ಒಂದು ವಿದ್ಯಾಲಯದ ಆವರಣದಲ್ಲಿಯೋ ಇರುವ ಗಣಕಗಳನ್ನು ಒಂದೇ ತಂತಿಗೆ ಜೋಡಿಸುವ ಈಥರ್‌ನೆಟ್ ಎಂಬ ವಿಧಾನವನ್ನು ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿದ್ದ ರಾಬರ್ಟ್ ಮೆಟ್ಕಾಫ್ 1973ರಲ್ಲಿ ರೂಪಿಸಿದರು. ಅದರ ಮೂಲಸ್ವರೂಪದಲ್ಲಿ ಒಂದು ಗಣಕ ಆಡಿದ ಮಾತು ತಂತಿಯ ಮೇಲಿರುವ ಎಲ್ಲ ಗಣಕಗಳಿಗೂ ಕೇಳಿಸುತ್ತದೆ. ತನ್ನ ಹೆಸರಿಗೆ ಬಂದುದನ್ನು ಮಾತ್ರ ಎತ್ತಿಕೊಂಡು ಉಳಿದುದನ್ನು ಬಿಟ್ಟುಬಿಡುವುದು ಪ್ರತಿಯೊಂದು ಗಣಕದ ಸೌಜನ್ಯಕ್ಕೆ ಸೇರಿದ್ದು. ಪಡಸಾಲೆಯಲ್ಲಿ ಹತ್ತು ಜನ ಕುಳಿತಿರುವಾಗ ತನಗೆ ಸಂಬಂಧಿಸದ ಮಾತಿಗೆ ಕಿವಿಗೊಡದಿರುವ ಮರ್ಯಾದೆಯಂತೆಯೇ ಇದು. ಮರ್ಯಾದೆ ಬಿಟ್ಟು ಎಲ್ಲವನ್ನೂ ಕೇಳಿಸಿಕೊಳ್ಳುವಂತೆ ಗಣಕಕ್ಕೆ ಆಜ್ಞಾಪಿಸುವುದು ಕಷ್ಟವೇನಲ್ಲ. 1980ರ ದಶಕದ ಕೊನೆಯಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಮತ್ತು ಅವರ ಸಂಗಡಿಗರು 'ಟಿಸಿಪಿಡಂಪ್' ಎಂಬ ಪ್ರೋಗ್ರಾಮನ್ನು ಬರೆದದ್ದು ಜಾಲದ ಸಂಚಾರವನ್ನು ಅಭ್ಯಾಸಮಾಡುವ ಸಲುವಾಗಿ. ಅದೇ ಬಗೆಯ ಪ್ರೋಗ್ರಾಮುಗಳಿಂದಲೇ ಇತರರ ಪಾಸ್‌ವರ್ಡುಗಳನ್ನು ಕದ್ದಾಲಿಸುವವರು ಹುಟ್ಟಿಕೊಂಡರು. 1994ರ ಫೆಬ್ರವರಿಯಲ್ಲಿ ಅಮೆರಿಕದ 'ಸರ್ಟ್' ಕೇಂದ್ರವು ಹತ್ತಾರು ಸಾವಿರ ಗಣಕಗಳ ಪ್ರವೇಶಮಾಹಿತಿ ಈ ರೀತಿ ಕಳುವಾಗಿದೆಯೆಂದು ಎಚ್ಚರಿಸಿತು. ಮರುವರ್ಷ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿಯೂ ಇಂಥ ಕದ್ದಾಲಿಕೆ ನಡೆದಾಗ ಅಲ್ಲಿನ ಟಾಟು ಇಲನೆನ್ ಸಂಭಾಷಣೆಯನ್ನೆಲ್ಲ ಗೂಢಲಿಪಿಗೆ ತಿರುಗಿಸುವ 'ಎಸ್‌ಎಸ್‌ಎಚ್' ಎಂಬ ವ್ಯವಸ್ಥೆಯನ್ನು ರಚಿಸಿದರು.

ತಂತಿಯ ಮಟ್ಟದ ಈ ಸೌಜನ್ಯದ ಮೇಲೆ ಇನ್ನೂ ಗಾಢವಾದ ವಿಶ್ವಾಸಗಳನ್ನು ಕಟ್ಟಲಾಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಿಂದ 1983ರಲ್ಲಿ ಹೊರಬಂದ ಯೂನಿಕ್ಸ್ ಆವೃತ್ತಿಯಲ್ಲಿ, ನೆರೆಯ ಯಾವ ಯಾವ ಗಣಕಗಳಿಂದ ಬರುವವರನ್ನು ಪಾಸ್‌ವರ್ಡು ಕೇಳದೆ ಒಳಗೆ ಬಿಡಬಹುದು ಎಂಬುದನ್ನು ಬರೆದಿಡುವ ಕಡತವೊಂದಿತ್ತು. ಆ ಕಡತದಲ್ಲಿ ಗಣಕದ ಹೆಸರಿನ ಬದಲು ಒಂದು ಕೂಡುಚಿಹ್ನೆಯನ್ನಿಟ್ಟರೆ 'ಎಲ್ಲರನ್ನೂ ಬಿಡು' ಎಂದು ಅರ್ಥ. ಸನ್ ಸಂಸ್ಥೆಯು ಮಾರುತ್ತಿದ್ದ ಗಣಕಗಳು ಹಲವು ವರ್ಷಗಳ ಕಾಲ ಈ ಕೂಡುಚಿಹ್ನೆಯೊಡನೆಯೇ ಕಾರ್ಖಾನೆಯಿಂದ ಬರುತ್ತಿದ್ದವು! ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ತಂತಿಗೆ ಸಿಕ್ಕಿಸಿದ ಕ್ಷಣದಿಂದ ಅದು ಲೋಕದ ಸಮಸ್ತ ಗಣಕಗಳನ್ನೂ ನಂಬುತ್ತಿತ್ತು. ತಂತಿ ಕಟ್ಟಡದ ಗೋಡೆಯನ್ನು ದಾಟದಿದ್ದಾಗ ಇದರಿಂದ ಹಾನಿಯಿಲ್ಲ; 'ಎಲ್ಲರೂ' ಎಂದರೆ ಆಗ ಇಲಾಖೆಯ ಹತ್ತು ಯಂತ್ರಗಳು. ಅದೇ ತಂತಿ ಇಂಟರ್‌ನೆಟ್ಟಿಗೆ ಸೇರಿದ ದಿನ 'ಎಲ್ಲರೂ' ಎಂಬ ಪದದ ಅರ್ಥ ಬದಲಾಯಿತು, ಕಡತ ಬದಲಾಗಲಿಲ್ಲ. ಕಡತಗಳನ್ನು ಜಾಲದ ಮೂಲಕ ಹಂಚಿಕೊಳ್ಳಲು ಸನ್ ಸಂಸ್ಥೆಯೇ 1980ರ ದಶಕದ ನಡುವೆ ತಂದ 'ಎನ್‌ಎಫ್‌ಎಸ್' ವ್ಯವಸ್ಥೆಯಲ್ಲಿಯೂ ಇದೇ ಮನೋಧರ್ಮವಿತ್ತು: ಕೇಳುವ ಗಣಕವು ತನ್ನ ಬಳಕೆದಾರ ಇಂಥವನೆಂದು ಹೇಳಿದರೆ ಕೊಡುವ ಗಣಕ ಅದನ್ನು ಒಪ್ಪಿಕೊಳ್ಳುತ್ತಿತ್ತು. ಈ ಏರ್ಪಾಟುಗಳನ್ನು ಮಾಡಿದವರು ದಡ್ಡರಾಗಿರಲಿಲ್ಲ. ಅವರು ಮನೆಯವರಿಗಾಗಿ ಮನೆ ಕಟ್ಟಿದರು. ಅಂಗಳದಲ್ಲಿ ಹೆದ್ದಾರಿ ಹಾಯ್ದುಹೋದದ್ದು ಅನಂತರದ ಮಾತು.

ಇನ್ನು ಪರೀಕ್ಷೆಯ ವಿಚಾರ. ಗಣಕವನ್ನು ಭೇದಿಸಲು ಯತ್ನಿಸಿಯೇ ಅದರ ಬಲಾಬಲವನ್ನು ಅಳೆಯುವ ಪದ್ಧತಿ ಸ್ಥಳೀಯ ಜಾಲಗಳಿಗಿಂತ ಹಳೆಯದು. ಅಮೆರಿಕದ ರಕ್ಷಣಾ ಇಲಾಖೆಯ ಪರವಾಗಿ 1970ರಲ್ಲಿ ವಿಲಿಸ್ ವೇರ್ ಅವರ ಅಧ್ಯಕ್ಷತೆಯ ಸಮಿತಿಯೂ, 1972ರಲ್ಲಿ ಜೇಮ್ಸ್ ಆಂಡರ್ಸನ್ ಅವರೂ ಸಿದ್ಧಪಡಿಸಿದ ವರದಿಗಳು ಈ ವಿಷಯದ ಆದಿಗ್ರಂಥಗಳೆನ್ನಬಹುದು. 1974ರಲ್ಲಿ ವಾಯುಪಡೆಯ ಪಾಲ್ ಕಾರ್ಗರ್ ಮತ್ತು ರೋಜರ್ ಶೆಲ್ ಅವರು, ಅಂದಿನ ಕಾಲಕ್ಕೆ ಅತಿ ಭದ್ರವೆಂದು ಹೆಸರಾಗಿದ್ದ 'ಮಲ್ಟಿಕ್ಸ್' ವ್ಯವಸ್ಥೆಯೊಳಕ್ಕೆ ಹಲವು ದಾರಿಗಳಿಂದ ಹೊಕ್ಕು ತೋರಿಸಿದರು. ಅಂಥ ಪರೀಕ್ಷಕರ ತಂಡಗಳಿಗೆ ಅಲ್ಲಿ 'ಹುಲಿತಂಡ'ಗಳೆಂದು ಹೆಸರು. ಹುಲಿಗಳು ಸರ್ಕಾರದ ಹುಲಿಗಳೇ. ಯಜಮಾನನ ಅಪ್ಪಣೆಯಿಂದ ಬೇಟೆಗೆ ಹೊರಟು, ಫಲವನ್ನು ಯಜಮಾನನಿಗೆ ಒಪ್ಪಿಸುತ್ತಿದ್ದವು. ಪರೀಕ್ಷಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಆ ಕಾಲದಲ್ಲಿ ಏಳಲಿಲ್ಲ.

ಆ ಪ್ರಶ್ನೆ ಎದ್ದದ್ದು 1988ರ ನವೆಂಬರ್ 2ರ ನಂತರ. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಅಂದು ಬಿಟ್ಟ 'ಹುಳು' ಒಂದು ಗಣಕದಿಂದ ಇನ್ನೊಂದಕ್ಕೆ ತಾನಾಗಿಯೇ ಹರಿದು ಸುಮಾರು 6,000 ಯಂತ್ರಗಳನ್ನು ತಟಸ್ಥಗೊಳಿಸಿತೆಂದು ಆಗಿನ ಅಂದಾಜು. ಅದು ಬಳಸಿದ ದಾರಿಗಳಲ್ಲಿ ಎರಡು ಪ್ರೋಗ್ರಾಮಿನ ದೋಷಗಳಿದ್ದವು, ಊಹಿಸಬಹುದಾದ ಪಾಸ್‌ವರ್ಡುಗಳಿದ್ದವು, ಇವುಗಳ ಜೊತೆಗೆ ನಾವು ಮೇಲೆ ಹೇಳಿದ ನೆರೆಹೊರೆಯ ವಿಶ್ವಾಸದ ಕಡತವೂ ಇತ್ತು. ಒಂದು ಯಂತ್ರದೊಳಗೆ ಹೊಕ್ಕ ಹುಳುವಿಗೆ ಆ ಯಂತ್ರವನ್ನು ನಂಬಿದ ಉಳಿದ ಯಂತ್ರಗಳ ಬಾಗಿಲು ಆಗಲೇ ತೆರೆದಿತ್ತು. ಅದೇ ತಿಂಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 'ಸರ್ಟ್' ಕೇಂದ್ರ ಸ್ಥಾಪನೆಯಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯನ್ನು ಇಲ್ಲಿ ನೆನೆಯಬಹುದಾದರೂ, ಬಾಗಿಲೆಲ್ಲಿದೆಯೆಂದೇ ತಿಳಿಯದಿದ್ದವರಿಗೆ ಅಷ್ಟಾದರೂ ತಿಳಿದದ್ದು ಲಾಭವೇ.

ಫಾರ್ಮರ್ ಅವರ ಮೊದಲ ಪರೀಕ್ಷಾಸಾಧನ ಈ ವಾತಾವರಣದಲ್ಲಿ ಹುಟ್ಟಿತು. ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಧ್ಯಾಪಕ ಯೂಜೀನ್ ಸ್ಪ್ಯಾಫರ್ಡ್ ಅವರ ಮಾರ್ಗದರ್ಶನದಲ್ಲಿ ರಚಿಸಿ, 1990ರಲ್ಲಿ ವಿದ್ವತ್ಸಭೆಯೊಂದರ ಮುಂದಿಟ್ಟ 'ಕಾಪ್ಸ್' ಎಂಬ ಆ ಸಾಧನ, ಯಂತ್ರದ ಒಳಗೇ ಕುಳಿತು ಕಡತಗಳ ಅನುಮತಿಗಳನ್ನೂ ದುರ್ಬಲ ಪಾಸ್‌ವರ್ಡುಗಳನ್ನೂ ಪರಿಶೀಲಿಸುತ್ತಿತ್ತು. ಅದು ತಪ್ಪನ್ನು ತೋರಿಸುತ್ತಿತ್ತೇ ಹೊರತು ತಿದ್ದುತ್ತಿರಲಿಲ್ಲ. ಒಳಗಿನಿಂದ ನೋಡುವುದರಲ್ಲಿ ಒಂದು ಅನುಕೂಲವಿದೆ, ಒಂದು ಕೊರತೆಯೂ ಇದೆ. ಯಜಮಾನನ ಕಣ್ಣಿಗೆ ತನ್ನ ಮನೆ ಕಾಣುವ ರೀತಿಯೇ ಬೇರೆ, ಬೇಲಿಯಾಚೆ ನಿಂತವನಿಗೆ ಕಾಣುವ ರೀತಿಯೇ ಬೇರೆ.

ಬೇಲಿಯಾಚೆ ನಿಂತು ನೋಡುವ ಅಭ್ಯಾಸವನ್ನು ವೆನೆಮಾ ಅವರಿಗೆ ಕಲಿಸಿದವನು ಒಬ್ಬ ಕಳ್ಳ. ಹಾಲೆಂಡಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಅವರಿದ್ದಾಗ, 1990ರ ಸುಮಾರಿನಲ್ಲಿ, ಅಲ್ಲಿನ ಗಣಕಗಳಿಗೆ ಒಬ್ಬಾತ ಮತ್ತೆ ಮತ್ತೆ ನುಗ್ಗಿ ಸರ್ವಾಧಿಕಾರವನ್ನು ಪಡೆದುಕೊಂಡು ಇದ್ದ ಕಡತಗಳನ್ನೆಲ್ಲ ಅಳಿಸಿಹಾಕುತ್ತಿದ್ದನು. ಯಾರು ಯಾರು ಗಣಕದ ಮುಂದೆ ಕುಳಿತಿದ್ದಾರೆಂದು ಹೇಳುವ ನಿರುಪದ್ರವಿಯಾದ ಸೇವೆಯೊಂದನ್ನು ಬಳಸಿ ಆತ ದೂರದಿಂದಲೇ ಕಾವಲುಗಾರರನ್ನು ಕಾಯುತ್ತಿದ್ದನೆಂಬುದನ್ನು ವೆನೆಮಾ ಕಂಡುಕೊಂಡರು. ಪ್ರತಿಯೊಂದು ಸೇವೆಯ ಬಾಗಿಲಿನಲ್ಲಿಯೂ ಬಂದುಹೋದವರ ಲೆಕ್ಕವಿಡುವ ಪುಟ್ಟ ಪ್ರೋಗ್ರಾಮನ್ನು ಅವರು ಬರೆದದ್ದು ಇದರ ಫಲ. ಅದು ಮುಂದೆ ಯೂನಿಕ್ಸ್ ಗಣಕಗಳಲ್ಲೆಲ್ಲ ಹಬ್ಬಿತು. ಇಬ್ಬರೂ ಕೂಡಿ 1993ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯೇ, ತಮ್ಮ ತಾಣದೊಳಗೆ ತಾವೇ ಮುರಿದು ನುಗ್ಗಿ ಅದರ ಭದ್ರತೆಯನ್ನು ಉತ್ತಮಪಡಿಸಿಕೊಳ್ಳುವ ಬಗೆ ಎಂಬರ್ಥದ್ದು. ಅದೇ ವರ್ಷ ಕ್ರಿಸ್ಟೋಫರ್ ಕ್ಲಾಸ್ ಎಂಬ ತರುಣರು ಹೊರಗಿನಿಂದ ಪರೀಕ್ಷಿಸುವ 'ಐಎಸ್‌ಎಸ್' ಎಂಬ ಸಾಧನವನ್ನು ಉಚಿತವಾಗಿ ಹಂಚಿದ್ದರೆಂಬುದನ್ನು ಮರೆಯಬಾರದು. ಸೇಟನ್ ಹೊರಬರುವ ವೇಳೆಗೆ ಹೊರಗಿನ ಪರೀಕ್ಷೆ ಹೊಸದಾಗಿರಲಿಲ್ಲ. ಹಾಗಿದ್ದರೂ ಗದ್ದಲವಾದದ್ದು ಸೇಟನ್ ಬಂದಾಗಲೇ. ಹೆಸರಿನ ಪಾತ್ರ ಅದರಲ್ಲಿ ಸಣ್ಣದಲ್ಲವೆಂದು ತೋರುತ್ತದೆ. ಹೆಸರಿಗೆ ಅಂಜುವವರಿಗೆಂದೇ ಕರ್ತೃಗಳು ಒಂದು ಪರಿಹಾರವನ್ನೂ ಒದಗಿಸಿದ್ದರು: 'ಪಶ್ಚಾತ್ತಾಪ' ಎಂಬರ್ಥದ ಆಜ್ಞೆಯೊಂದನ್ನು ಕೊಟ್ಟರೆ ಪ್ರೋಗ್ರಾಮಿನುದ್ದಕ್ಕೂ 'ಸೇಟನ್' ಎಂಬುದು ಅಳಿದು, ಕ್ರಿಸ್ಮಸ್ ತಾತನ ಹೆಸರಾದ 'ಸಾಂಟಾ' ಎಂದಾಗುತ್ತಿತ್ತು.

ಪ್ರೋಗ್ರಾಮಿನ ಒಳಗೆ ಇದ್ದದ್ದೇನು? ಪರೀಕ್ಷಿಸುತ್ತಿದ್ದ ದೋಷಗಳು ಸುಮಾರು ಹತ್ತು. ಕಡತಗಳನ್ನು ಲೋಕಕ್ಕೆಲ್ಲ ಹಂಚಿರುವ ಎನ್‌ಎಫ್‌ಎಸ್; ಅದೇ ವ್ಯವಸ್ಥೆಯನ್ನು ವಂಚಿಸುವ ಇನ್ನೆರಡು ಉಪಾಯಗಳು; ಜಾಲದ ಪಾಸ್‌ವರ್ಡು ಪಟ್ಟಿಯನ್ನು ಕೇಳಿದವರಿಗೆ ಕೊಟ್ಟುಬಿಡುವ ಸೇವೆ; ಪರಯಂತ್ರದಿಂದ ಆಜ್ಞೆಗಳನ್ನು ಪ್ರಶ್ನಿಸದೆ ಸ್ವೀಕರಿಸುವ ಸೇವೆಗಳು; ಯಾರು ಬೇಕಾದರೂ ಇಣುಕಬಹುದಾದ ತೆರೆ; ಹಳೆಯ ಅಂಚೆಪ್ರೋಗ್ರಾಮು; ಇಂಥವು. ಇವುಗಳಲ್ಲಿ ಒಂದೂ ಹೊಸದಲ್ಲ. ಎಲ್ಲವೂ ಸರ್ಟ್ ಕೇಂದ್ರದ ಪ್ರಕಟಣೆಗಳಲ್ಲಿಯೋ, ತಯಾರಕರ ತಿದ್ದುಪಡಿ ಪತ್ರಗಳಲ್ಲಿಯೋ ಅದಕ್ಕೆ ಮೊದಲೇ ಬಂದಿದ್ದವು. ಹೊಸದಾಗಿದ್ದವು ಎರಡು. ವೆಬ್ ಪುಟಗಳನ್ನು ನೋಡುವ ಬ್ರೌಸರಿನ ಮೂಲಕವೇ ಪರೀಕ್ಷೆಯನ್ನು ನಡೆಸಿ ಫಲಿತಾಂಶವನ್ನು ಓದಬಹುದಾಗಿತ್ತು. ದೋಷದ ಪಕ್ಕದಲ್ಲಿಯೇ ಅದರ ವಿವರಣೆ, ಸರಿಪಡಿಸುವ ಕ್ರಮ ಇರುತ್ತಿತ್ತು. ಇದಕ್ಕಿಂತ ಮಹತ್ತ್ವದ್ದು ಎರಡನೆಯದು. ಯಾವ ಗಣಕ ಯಾವುದನ್ನು ನಂಬಿದೆ, ಆ ನಂಬಿಕೆಗೆ ಪಾತ್ರವಾದದ್ದು ಮತ್ತಾವುದನ್ನು ನಂಬಿದೆ ಎಂಬ ಸರಪಳಿಯನ್ನು ಸೇಟನ್ ಹಿಡಿದುಕೊಂಡು ಹೋಗಿ ಪಟ್ಟಿಮಾಡುತ್ತಿತ್ತು. ತನ್ನ ಗಣಕ ಭದ್ರವಾಗಿದೆಯೆಂದು ನಿಶ್ಚಿಂತನಾಗಿದ್ದ ಆಡಳಿತಗಾರನಿಗೆ, ಅದು ನಂಬಿದ್ದ ನೆರೆಯ ಇಲಾಖೆಯ ಗಣಕವೊಂದು ಬಾಗಿಲಿಲ್ಲದೆ ನಿಂತಿರುವುದು ಪರದೆಯ ಮೇಲೆ ಕಾಣುತ್ತಿತ್ತು. ಸ್ಥಳೀಯ ಜಾಲದ ಭದ್ರತೆ ಬಿಡಿ ಯಂತ್ರಗಳ ಗುಣವಲ್ಲ, ಅವುಗಳ ನಡುವಣ ಸಂಬಂಧದ ಗುಣ ಎಂಬ ಮಾತನ್ನು ಪ್ರಬಂಧಗಳಲ್ಲಿ ಓದಿ ಒಪ್ಪಿಕೊಳ್ಳದವರು ಈ ಪಟ್ಟಿಯನ್ನು ನೋಡಿ ಒಪ್ಪಿಕೊಳ್ಳಬೇಕಾಯಿತು. ವಿವಾದದ ಗದ್ದಲದಲ್ಲಿ ಈ ಅಂಶಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಬಿಡುಗಡೆಗೆ ಎರಡು ದಿನ ಮುಂಚೆ ಸರ್ಟ್ ಕೇಂದ್ರ ಎಚ್ಚರಿಕೆಯ ಪತ್ರವನ್ನು ಹೊರಡಿಸಿತು. ಸೇಟನ್ ಯಾರ ಬಾಗಿಲನ್ನಾದರೂ ತಟ್ಟಿದರೆ ಕೂಡಲೇ ತಿಳಿಸುವ 'ಕೋರ್ಟ್ನಿ', 'ಗೇಬ್ರಿಯಲ್' ಎಂಬ ಪ್ರೋಗ್ರಾಮುಗಳೂ ಬಂದವು. ಎರಡನೆಯದರ ಹೆಸರು ದೇವದೂತನದು. ಪ್ರಳಯ ಮಾತ್ರ ಬರಲಿಲ್ಲ. ಗಣಕಗಳ ಮೇಲೆ ಸಾಮೂಹಿಕ ಆಕ್ರಮಣ ನಡೆಯುವುದೆಂದು ಪತ್ರಿಕೆಗಳು ಹೇಳಿದ್ದು ನಿಜವಾಗಲಿಲ್ಲ. ಬದಲಾಗಿ ಒಂದು ಸ್ವಾರಸ್ಯ ಸಂಭವಿಸಿತು: ದೋಷವನ್ನು ಹುಡುಕುವ ಸೇಟನ್ನಿನಲ್ಲಿಯೇ ಒಂದು ದೋಷ ಸಿಕ್ಕಿತು. ಪರೀಕ್ಷಕನು ಸೇಟನ್ ತೆರೆದಿರುವ ಬ್ರೌಸರಿನಿಂದಲೇ ಹೊರಗಿನ ಪುಟಕ್ಕೆ ಹೋದರೆ ಸೇಟನ್ನಿನ ರಹಸ್ಯಪದ ಹೊರಗಿನವರಿಗೆ ತಿಳಿದುಹೋಗುವ ಸಂಭವವಿತ್ತು. ಆ ತಿಂಗಳೇ ಅದನ್ನು ತಿದ್ದಿದ ಆವೃತ್ತಿ ಬಂದಿತು.

ಅದೇ 1995ರಲ್ಲಿ ಅಮೆರಿಕದ ಒರೆಗಾನ್ ಸಂಸ್ಥಾನದ ನ್ಯಾಯಾಲಯದಲ್ಲಿ ತೀರ್ಮಾನವಾದ ಮೊಕದ್ದಮೆಯೊಂದನ್ನು ಈ ಕಥೆಯ ಜೊತೆಗಿಟ್ಟು ನೋಡುವುದು ಉಚಿತ. ಅಲೆಕ್ ಮಫೆಟ್ ಅವರು 1991ರಲ್ಲಿ ಪ್ರಕಟಿಸಿದ 'ಕ್ರ್ಯಾಕ್' ಎಂಬ ಪಾಸ್‌ವರ್ಡು ಪರೀಕ್ಷಾಸಾಧನವನ್ನು ಒಬ್ಬ ಹೆಸರಾಂತ ಪ್ರೋಗ್ರಾಮುಕಾರರು ತಾವು ಕೆಲಸಮಾಡುತ್ತಿದ್ದ ಸಂಸ್ಥೆಯ ಗಣಕಗಳ ಮೇಲೆ ಅಪ್ಪಣೆಯಿಲ್ಲದೆ ಓಡಿಸಿದರು. ದುರ್ಬಲ ಪಾಸ್‌ವರ್ಡುಗಳನ್ನು ತೋರಿಸಿಕೊಡುವುದಷ್ಟೇ ತಮ್ಮ ಉದ್ದೇಶವೆಂಬುದು ಅವರ ವಾದ. ನ್ಯಾಯಾಲಯ ಅವರನ್ನು ಅಪರಾಧಿಯೆಂದಿತು. ದಾಖಲೆಯಿಂದ ಆ ತೀರ್ಪು ಅಳಿದುಹೋದದ್ದು 2007ರಲ್ಲಿ. ಸಾಧನವನ್ನು ಬರೆದು ಹಂಚಿದವರಿಗೆ ಕಾನೂನಿನ ಬಾಧೆ ತಟ್ಟಲಿಲ್ಲ, ಬಳಸಿದವರಿಗೆ ತಟ್ಟಿತು. ಪತ್ರಿಕೆಗಳು ಬಂದೂಕನ್ನೇ ನೋಡುತ್ತಿದ್ದಾಗ ನ್ಯಾಯಾಲಯ ನೋಡಿದ್ದು ಅಪ್ಪಣೆಯನ್ನು. ಹುಲಿತಂಡಗಳ ಕಾಲದಲ್ಲಿ ಏಳದಿದ್ದ ಪ್ರಶ್ನೆ ಇಲ್ಲಿ ಉತ್ತರ ಪಡೆಯತೊಡಗಿತು. ಜರ್ಮನಿಯು 2007ರಲ್ಲಿ ಇಂಥ ಸಾಧನಗಳನ್ನು ತಯಾರಿಸುವುದನ್ನೂ ಪಡೆದುಕೊಳ್ಳುವುದನ್ನೂ ಅಪರಾಧವಾಗಿಸುವ ಕಲಮೊಂದನ್ನು ತಂದಾಗ ಅಲ್ಲಿನ ಅಧ್ಯಾಪಕರೂ ತಜ್ಞರೂ ಗಾಬರಿಯಾದರು. 2009ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವು, ಎರಡೂ ಬಗೆಯ ಉಪಯೋಗಕ್ಕೆ ಬರುವ ಸಾಧನಗಳು ಆ ಕಲಮಿಗೆ ಒಳಪಡುವುದಿಲ್ಲವೆಂದು ಸ್ಪಷ್ಟಪಡಿಸಿತು. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು ಒಡೆಯನ ಅಥವಾ ಮೇಲ್ವಿಚಾರಕನ ಅಪ್ಪಣೆಯಿಲ್ಲದೆ ಗಣಕವನ್ನಾಗಲಿ ಜಾಲವನ್ನಾಗಲಿ ಪ್ರವೇಶಿಸುವುದನ್ನು ಹೊಣೆಗಾರಿಕೆಗೆ ಗುರಿಮಾಡಿದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕುಳಿತು ಕುತೂಹಲದಿಂದ ಪಕ್ಕದ ವಿಭಾಗದ ಜಾಲವನ್ನು ತಟ್ಟಿ ನೋಡಬಯಸುವ ವಿದ್ಯಾರ್ಥಿಗಳು ಈ ಕಲಮನ್ನು ಮೊದಲು ಓದಬೇಕು. 1986ರಲ್ಲಿ ಎರ್ನೆಟ್ ಯೋಜನೆ ಆರಂಭವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಅದರಲ್ಲಿ ಪಾಲುಗೊಂಡಾಗ ಇಂಥ ಕಾಯಿದೆ ನಮ್ಮಲ್ಲಿರಲಿಲ್ಲ. ವಿದ್ಯಾಸಂಸ್ಥೆಗಳ ಜಾಲಗಳಲ್ಲಿ ಪರಿಚಯವೇ ಎಲ್ಲೆಡೆಯೂ ಕಾಯಿದೆಯ ಕೆಲಸ ಮಾಡುತ್ತಿದ್ದ ಕಾಲ ಅದು.

ಗೋಪನಪಕ್ಷದ ಭಯ ಸುಳ್ಳಾಯಿತೆಂದು ಹೇಳಿದೆವು. ಪ್ರಕಟನಪಕ್ಷದ ಆಶೆ ನಿಜವಾಯಿತೆ? ಈ ಪ್ರಶ್ನೆಯನ್ನು ಫಾರ್ಮರ್ ತಾವೇ ಕೇಳಿಕೊಂಡರೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. 1996ರ ಕೊನೆಯಲ್ಲಿ ಅವರು ಸುಮಾರು 2,200 ಗಣಕಗಳನ್ನು ಮೇಲುಮೇಲಿನ ಪರೀಕ್ಷೆಗೆ ಒಳಪಡಿಸಿ ವರದಿಯನ್ನು ಪ್ರಕಟಿಸಿದರು. ಬ್ಯಾಂಕುಗಳು, ಪತ್ರಿಕೆಗಳು, ಸರ್ಕಾರಿ ಕಚೇರಿಗಳು ಮುಂತಾದ ಪ್ರಮುಖ ತಾಣಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಗಂಭೀರ ದೋಷಗಳಿಂದ ಕೂಡಿದ್ದವು. ಹೋಲಿಕೆಗಾಗಿ ಗೊತ್ತುಗುರಿಯಿಲ್ಲದೆ ಆರಿಸಿಕೊಂಡ ಗಣಕಗಳಲ್ಲಿ ಆ ಪ್ರಮಾಣ ಮೂರನೆಯ ಒಂದು ಪಾಲು ಮಾತ್ರ. ಹೆಚ್ಚು ಸೇವೆ ನೀಡುವ ಗಣಕಕ್ಕೆ ಹೆಚ್ಚು ಬಾಗಿಲುಗಳಿರುತ್ತವೆಯೆಂಬುದು ಇದಕ್ಕೊಂದು ಕಾರಣವಿರಬಹುದು. ಪರೀಕ್ಷೆ ನಡೆದುದನ್ನು ಗಮನಿಸಿ ವಿಚಾರಿಸಿದ ತಾಣಗಳಂತೂ ಬೆರಳೆಣಿಕೆಯವು. ಉಚಿತ ಸಾಧನ ಕೈಯಲ್ಲಿದ್ದು 20 ತಿಂಗಳು ಕಳೆದಿದ್ದರೂ ಸ್ಥಿತಿ ಹೀಗಿತ್ತು. ಅವರು ಈ ಸಮೀಕ್ಷೆಗೆ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲವೆಂಬುದನ್ನೂ ಹೇಳಬೇಕು. ಒರೆಗಾನಿನ ತೀರ್ಪಿನ ಬೆಳಕಿನಲ್ಲಿ ಅದು ಧೈರ್ಯದ ಕೆಲಸವೇ ಸರಿ.

ಮುಂದಿನ ಸಾಧನಗಳ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. ಬಾಗಿಲುಗಳನ್ನು ಎಣಿಸುವ 'ಎನ್‌ಮ್ಯಾಪ್' 1997ರಲ್ಲಿಯೂ, ಫ್ರಾನ್ಸಿನ ರೆನೊ ಡೆರೇಸನ್ ಅವರ 'ನೆಸಸ್' 1998ರಲ್ಲಿಯೂ ಬಂದವು. ಎರಡನೆಯದು 2005ರಲ್ಲಿ ಮುಕ್ತಪರವಾನಗಿಯನ್ನು ಬಿಟ್ಟಾಗ ಅದರ ಹಳೆಯ ಮೂಲಪಾಠದಿಂದ 'ಓಪನ್‌ವ್ಯಾಸ್' ಕವಲೊಡೆಯಿತು. ಕ್ಲಾಸ್ ಅವರು ಉಚಿತ ಸಾಧನದ ಹೆಸರಿನಲ್ಲಿ ಕಟ್ಟಿದ ಸಂಸ್ಥೆಯನ್ನು 2006ರಲ್ಲಿ ಐಬಿಎಂ ಸುಮಾರು 130 ಕೋಟಿ ಡಾಲರಿಗೆ ಕೊಂಡಿತು. 1995ರಲ್ಲಿ ಉದ್ಯೋಗವನ್ನು ಕಳೆದ ಕಸುಬು ಹನ್ನೊಂದು ವರ್ಷಗಳಲ್ಲಿ ಈ ಬೆಲೆಗೆ ಏರಿತ್ತು. ಫಾರ್ಮರ್ ಮತ್ತು ವೆನೆಮಾ ಅವರ ಆಸಕ್ತಿ ಮಾತ್ರ ಬೇರೆಡೆಗೆ ಹರಿಯಿತು: 2000ದಲ್ಲಿ ಅವರು ಹೊರತಂದ ಇನ್ನೊಂದು ಸಾಧನ, ಆಗಲೇ ಆಕ್ರಮಣಕ್ಕೆ ತುತ್ತಾದ ಗಣಕದ ಮರಣೋತ್ತರ ಪರೀಕ್ಷೆಗೆ ಸಂಬಂಧಿಸಿದ್ದು.

ಸ್ಥಳೀಯ ಜಾಲದ ವಿಶ್ವಾಸದ ಪ್ರಶ್ನೆ ತೀರಿಹೋಯಿತೆಂದು ತಿಳಿದಿದ್ದವರಿಗೆ 2017ರ ಮೇ ತಿಂಗಳು ಉತ್ತರ ಕೊಟ್ಟಿತು. 'ವಾನಾಕ್ರೈ' ಎಂಬ ಹುಳು ಒಮ್ಮೆ ಒಂದು ಕಟ್ಟಡದ ಜಾಲದೊಳಗೆ ಹೊಕ್ಕರೆ ಯಂತ್ರದಿಂದ ಯಂತ್ರಕ್ಕೆ ಹರಿದು ಬ್ರಿಟನ್ನಿನ ಆಸ್ಪತ್ರೆಗಳನ್ನೂ ಬಾಧಿಸಿತು. ದೋಷದ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚಿ ತಿಂಗಳಿನಲ್ಲಿಯೇ ಪ್ರಕಟಿಸಿತ್ತು. ಆ ದೋಷವಿರುವ ಯಂತ್ರಗಳನ್ನು ಹುಡುಕಿಕೊಡುವ ಪರೀಕ್ಷೆಗಳೂ ಆಕ್ರಮಣಕ್ಕೆ ಮೊದಲೇ ದೊರೆಯುತ್ತಿದ್ದವು. ಹುಳು ಹಾದುಬಂದ ಬಾಗಿಲು, ನೆರೆಯ ಗಣಕಗಳು ಪರಸ್ಪರ ಕಡತಗಳನ್ನು ಹಂಚಿಕೊಳ್ಳುವ ಸೇವೆಯದು. 1995ರಲ್ಲಿ ಸೇಟನ್ನಿನ ಸುಮಾರು ಹತ್ತು ಪರೀಕ್ಷೆಗಳಲ್ಲಿ ಮೂರು ಅಂಥದೇ ಸೇವೆಗೆ ಮೀಸಲಾಗಿದ್ದವು.